ರಾಜ ಮಲಗಿದ್ದ ಹೋಟೆಲು

ಇಷ್ಟೆಲ್ಲ ರಗಳೆಗೆ ಮೂಲ ಏಳನೇ ನಂಬರ್ ಕೋಣೆಯ ಚಿಲಕ. ಅದು ಬೀಳುತ್ತಿರಲಿಲ್ಲ. ಅಪ್ಪಿತಪ್ಪಿ ಬಿದ್ದರೆ ಏಳುತ್ತಿರಲಿಲ್ಲ. ಒಂದು ದಿನ ಅಲ್ಲಿ ತಂಗಿದ್ದ ಗಿರಾಕಿಯೊಬ್ಬ ಬೆಳಿಗ್ಗೆ ಎದ್ದವನೇ ಕೌಂಟರಿಗೆ ಬಂದು, "ಏನ್ರೀ ಇದು, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಕೊಂಡು ಮಲಗ್ಬೇಕಾ ನಾವು?" ಎಂದು ಕೇಳಿದ.

ಬಡಗಿಯನ್ನು ಕರೆಸುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಮ್ಯಾನೇಜರ್ ಬಡಗಿಯನ್ನು ಕರೆಸುವ ಆಸಾಮಿಯಲ್ಲ. ಆ ಹೋಟೆಲಿನಲ್ಲಿ ಏನೇ ಕೆಟ್ಟರೂ ರಿಪೇರಿ ಬಾಯಲ್ಲೇ ಆಗುತ್ತಿತ್ತು. ಫ್ಯಾನು ತಿರುಗದಿದ್ದರೆ, "ಹಳೇ ಗೋಡೆ ಸಾರ್, ಅದೇ ತಂಪು ಕೊಡುತ್ತೆ. ಫ್ಯಾನು ಸುಮ್ನೆ ಶೋಕಿಗೆ." ಮಹಡಿ ಮೆಟ್ಟಿಲಲ್ಲಿ ಎಡವಿ ಮೊಣಕಾಲು ಕೆತ್ತಿಸಿಕೊಂಡು ಬಂದವರಿಗೆ, "ಆಗಿನ ಕಾಲದ ಜನ ಎತ್ತರ ಸಾರ್. ಅವರ ಕಾಲಿನ ಅಳತೆಗೆ ಕಟ್ಟಿದ್ದು." ಜನ ಕೂಡ ವಿಚಿತ್ರ. ಮುಲಾಮು ಕೇಳಲು ಬಂದವರು ಚರಿತ್ರೆ ಕೇಳಿಕೊಂಡು, ಕುಂಟುತ್ತ, ಸಮಾಧಾನವಾಗಿ ಹೋಗುತ್ತಿದ್ದರು.

ಚಿಲಕಕ್ಕೂ ಹಾಗೇ ಆಯಿತು. "ಸಾರ್, ಆ ಚಿಲಕನ ಕೊನೇ ಸಲ ಹಾಕಿದ್ದು ರಾಜರು. ಕುದುರೆ ಕಾಲು ಉಳುಕಿತು ಅಂತ ಒಂದು ರಾತ್ರಿ ಆ ರೂಮಲ್ಲಿ ಮಲಗಿದ್ರು. ಆಮೇಲೆ ಯಾರೂ ಅದನ್ನ ಹಾಕಿಲ್ಲ. ಗೌರವ."

"ಯಾವ ರಾಜರು?"

"ಆಗ ಇದ್ರಲ್ಲ ಸಾರ್, ಅವರೇ."

ಗಿರಾಕಿ ನಕ್ಕು ಹೊರಟುಹೋದ. ಹೋದವನು ಸುಮ್ಮನಿರಬಾರದೆ? ಅವನ ನಾದಿನಿ ಪಾರಂಪರಿಕ ಕಟ್ಟಡಗಳ ಸಮಿತಿಯಲ್ಲಿ ದೊಡ್ಡ ಅಧಿಕಾರಿ. ಊಟಕ್ಕೆ ಕೂತಾಗ ಅವನು ಇದನ್ನು ತಮಾಷೆಗೆ ಹೇಳಿದ. ಆಕೆಗೆ ತಮಾಷೆ ಅರ್ಥವಾಗುತ್ತಿರಲಿಲ್ಲ. ಮುಂದಿನ ವಾರ ಒಂದು ಬೆಳಿಗ್ಗೆ ಹೋಟೆಲಿಗೆ ಫೋನ್ ಬಂತು: ಮೇಡಂ ಇವತ್ತೇ ಕಟ್ಟಡ ನೋಡಲು ಬರುತ್ತಾರೆ. ಚರಿತ್ರೆ ನಿಜವಾದರೆ ಕಟ್ಟಡಕ್ಕೆ ರಕ್ಷಣೆ ಸಿಗುತ್ತದೆ. ಆಮೇಲೆ ಅದರ ಒಂದು ಇಟ್ಟಿಗೆಯನ್ನೂ ಯಾರೂ ಕೀಳುವಂತಿಲ್ಲ.

ಫೋನ್ ಇಟ್ಟ ಮ್ಯಾನೇಜರಿಗೆ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. ಯಾಕೆಂದರೆ ಆ ಹೋಟೆಲಿನ ಧಣಿ ಬೇರೆ ಊರಲ್ಲಿದ್ದ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ಎದುರು ಫುಟ್‌ಪಾತಿನ ಮೇಲೆ ನಿಂತು, ಕಟುಕ ಕುರಿಯನ್ನು ನೋಡುವ ಹಾಗೆ ಕಟ್ಟಡವನ್ನು ನೋಡುತ್ತಿದ್ದ. "ಮುಂದಿನ ತಿಂಗಳು ಕೆಡವಿಬಿಡ್ತೀನಿ ಕಣಯ್ಯ. ಕಾಂಪ್ಲೆಕ್ಸು ಕಟ್ಟಿಸ್ತೀನಿ. ನೀನು ಬೇರೆ ಕಡೆ ನೋಡ್ಕೊ" ಎನ್ನುತ್ತಿದ್ದ. ಮ್ಯಾನೇಜರ್ ಮದುವೆಯಾದಾಗಿನಿಂದ ಹೆಂಡತಿಯ ಜೊತೆ ಇದ್ದದ್ದು ಹೋಟೆಲಿನ ಹಿಂಭಾಗದ ಎರಡು ಕೋಣೆಗಳಲ್ಲಿ. ಇಬ್ಬರು ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದದ್ದೂ ಅಲ್ಲಿಂದಲೇ. ಧಣಿ ಕೆಡವಿದರೆ ಕೆಲಸವೂ ಹೋಯಿತು, ಸೂರೂ ಹೋಯಿತು. ಆ ಭಯದಲ್ಲಿ ಅವನು ಸಂಬಳ ಹೆಚ್ಚಿಸಿ ಎಂದು ಬಾಯಿ ಬಿಟ್ಟವನೇ ಅಲ್ಲ. ಈಗ ಸರ್ಕಾರವೇ ಬಂದು ಕಾಪಾಡುತ್ತೇನೆ ಅನ್ನುತ್ತಿದೆ.

"ಲೇ, ನಾವು ಬದುಕಿದ್ವಿ ಕಣೇ. ರಾಜರ ದಯೆ" ಎಂದ ಹೆಂಡತಿಗೆ.

ಆಕೆ ಒಲೆಯ ಮುಂದಿನಿಂದ ಕತ್ತೆತ್ತಲಿಲ್ಲ. "ಯಾವ ರಾಜ ರೀ? ಆ ರೂಮಲ್ಲಿ ಮಲಗಿದ್ದಿದ್ರೆ ತಿಗಣೆ ಕಚ್ಚಿ, ಅರ್ಧ ರಾತ್ರೀಲೇ ರಾಜ್ಯ ಬಿಟ್ಟು ಓಡ್ತಿದ್ದ. ಸುಮ್ನಿರಿ ಅಂದ್ರೆ ಕೇಳಲ್ಲ. ದಾರೀಲಿ ಹೋಗೋ ಮಾರೀನ ಮನೆಗೆ ಕರೀತಿದ್ದೀರ."

ಆ ಕಟ್ಟಡದ ನಿಜವಾದ ಚರಿತ್ರೆ ಎರಡು ಮಾತಿನಲ್ಲಿ ಮುಗಿಯುವಂಥದ್ದು. ಈಗಿನ ಧಣಿಯ ತಾತ ಮರದ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಒಂದು ದಿನ ಮೇಸ್ತ್ರಿಯ ಕೈಗೆ ಒಂದು ಕ್ಯಾಲೆಂಡರ್ ಕೊಟ್ಟು, ಅದರಲ್ಲಿದ್ದ ಅರಮನೆಯ ಹಾಗೇ ಹೋಟೆಲು ಕಟ್ಟಬೇಕು ಎಂದ. ಮೇಸ್ತ್ರಿ ಪ್ರಾಮಾಣಿಕ. ಚಿತ್ರದಲ್ಲಿದ್ದ ಕಂಬ, ಕಮಾನು, ಬೀದಿಯ ಕಡೆ ಚಾಚಿದ ಉಪ್ಪರಿಗೆ ಎಲ್ಲವನ್ನೂ ಅದರಂತೆಯೇ ಎಬ್ಬಿಸಿದ. ಕಂಬಗಳ ಮೇಲಿನ ಸಿಂಹದ ಮುಖಗಳು ಮಾತ್ರ ಕಿವಿನೋವು ಬಂದ ಬೆಕ್ಕಿನ ಹಾಗಾದವು. "ಧಣಿ, ಇದರ ಹಿಂದೆ ಏನಿರುತ್ತೆ?" ಎಂದು ಕೇಳಿದ. ಚಿತ್ರದಲ್ಲಿ ಹಿಂಭಾಗ ಇರಲಿಲ್ಲ. "ನಿನಗೆ ತೋಚಿದ ಹಾಗೆ ಕಟ್ಟು" ಎಂದ ತಾತ. ಮೇಸ್ತ್ರಿ ಅಲ್ಲಿಯವರೆಗೆ ಗೋದಾಮು ಬಿಟ್ಟು ಬೇರೇನೂ ಕಟ್ಟಿರಲಿಲ್ಲ. ಹೀಗಾಗಿ ಬೀದಿಯಿಂದ ನೋಡಿದರೆ ಅರಮನೆ, ಓಣಿಯಿಂದ ನೋಡಿದರೆ ಆಲೂಗಡ್ಡೆ ಗೋದಾಮು. ಉಪ್ಪರಿಗೆಗೆ ಹೋಗಲು ಬಾಗಿಲು ಇಡುವುದು ಮರೆತುಹೋಗಿತ್ತು. ಕಿಟಕಿಯೊಂದು ಕಮ್ಮಿ ಬಿದ್ದದ್ದಕ್ಕೆ ಗೋಡೆಯ ಮೇಲೆ ಬಣ್ಣದಲ್ಲಿ ಕಿಟಕಿ ಬರೆಸಿದ್ದರು. ಕಟ್ಟಿ ಎಷ್ಟು ವರ್ಷವಾಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಳೆಯದು ಅಂದರೆ ಸಾಕಾಗಿತ್ತು. ಊರಿಗೆ ಇದೊಂದೇ ಹೋಟೆಲಾದ್ದರಿಂದ, ಹೆಸರಿನ ಹಲಗೆ ಬಿದ್ದುಹೋದರೂ ಯಾರೂ ಎತ್ತಿ ಹಾಕಲಿಲ್ಲ.

ಮೇಡಂ ಬರುವ ಸುದ್ದಿಯನ್ನು ಮ್ಯಾನೇಜರ್ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೂ ಅರ್ಧ ಗಂಟೆಯಲ್ಲಿ ಕ್ಷೌರದವನು ಸೋಪು ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. ಹೋಟೆಲಿನ ಮುಂದಿನ ಕಂಬಗಳ ಕೆಳಗೆ ಅವನ ಅಂಗಡಿ. ಊರವರು ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಒಂದೇ ವ್ಯತ್ಯಾಸ, ರೇಡಿಯೋಗೆ ಗುಂಡಿ ಇರುತ್ತದೆ.

"ಅಣ್ಣ, ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಕೆಟ್ವಿ. ಎಲ್ಲರದೂ ಒಂದೇ ಕತೆ ಇರ್ಬೇಕು. ಮೇಷ್ಟ್ರನ್ನೂ ಸೇರಿಸ್ಕೊಳ್ಳಿ."

ಮೇಷ್ಟ್ರು ಅಲ್ಲೇ ಇದ್ದರು. ನಿವೃತ್ತರಾದ ಮೇಲೆ ದಿನಾ ಹೋಟೆಲಿಗೆ ಬಂದು ಪುಕ್ಕಟೆ ಪತ್ರಿಕೆ ಓದಿ, ಒಂದು ಚಹಾ ಕುಡಿದು, ಇನ್ನೊಂದಕ್ಕೆ ಕಾಯುವುದು ಅವರ ಕೆಲಸ. ಸರ್ವೀಸಿನುದ್ದಕ್ಕೂ ಚರಿತ್ರೆ ಪಾಠ ಮಾಡಿ, ಒಂದು ಇಸವಿಯನ್ನೂ ಸರಿಯಾಗಿ ಹೇಳದೆ ಗೌರವದಿಂದ ಹೊರಗೆ ಬಂದವರು.

"ನೋಡಯ್ಯ, ಚರಿತ್ರೆ ಅಂದ್ರೆ ಒಮ್ಮತ" ಎಂದರು ಮೇಷ್ಟ್ರು. "ರಾಜ ಒಬ್ಬ, ರಾತ್ರಿ ಒಂದು, ರೂಮು ಏಳು, ಕುದುರೆ ಕುಂಟು. ನೂರು ವರ್ಷದ ಹಿಂದೆ. ಇದರ ಮೇಲೆ ಯಾರೂ ಒಂದಕ್ಷರ ಸೇರಿಸಬಾರದು."

ಮೂವರೂ ಒಪ್ಪಿದರು. ಒಪ್ಪಿದ ಮೇಲೆ ರೇಡಿಯೋ ತನ್ನ ಗಿರಾಕಿಯ ಹತ್ತಿರ ಹೋಗಿ ಒಂದಕ್ಷರ ಸೇರಿಸಿದ.

ಮೇಡಂ ಬಂದರು. ಸಣ್ಣ ಆಕೃತಿ, ದಪ್ಪ ಕನ್ನಡಕ, ಕೈಯಲ್ಲೊಂದು ಪುಟ್ಟ ಸುತ್ತಿಗೆ. ಮಾತು ಕಮ್ಮಿ. ಕಂಬಕ್ಕೆ ಟಕ್ ಅಂತ ಬಡಿಯುವುದು, ಕಿವಿಯಿಟ್ಟು ಕೇಳುವುದು, ಏನೋ ಬರೆದುಕೊಳ್ಳುವುದು. ಡಾಕ್ಟರು ರೋಗಿಯ ಎದೆ ಬಡಿದು ನೋಡಿ ಏನೂ ಹೇಳದೆ ಬರೆದರೆ ಹೇಗೆ ಜೀವ ಹಾರುತ್ತದೋ ಹಾಗಾಯಿತು ಮ್ಯಾನೇಜರಿಗೆ. ಸುಮ್ಮನಿರಲಾರದೆ ಕೇಳಿದ್ದಕ್ಕೆಲ್ಲ ಕತೆ ಹೇಳಲು ಶುರು ಹಚ್ಚಿಕೊಂಡ.

"ಈ ಕಿಟಕಿ ಬಣ್ಣದಲ್ಲಿ ಬರೆದಿದೆಯಲ್ಲ" ಎಂದರು ಮೇಡಂ.

"ಹೌದು ಮೇಡಂ. ಶತ್ರುಗಳಿಗೆ ಮೋಸ ಮಾಡೋಕೆ. ರಾಜರಿಗೆ ಗುರಿಯಿಟ್ಟು ಬಾಣ ಬಿಟ್ರೆ ಗೋಡೆಗೆ ಬೀಳ್ಬೇಕು ಅಂತ."

"ಹೋಟೆಲಿಗೆ ರಾಜರು ಬರ್ತಾರೆ ಅಂತ ಕಟ್ಟುವಾಗಲೇ ಗೊತ್ತಿತ್ತಾ?"

"ಮುಂದಾಲೋಚನೆ ಮೇಡಂ. ಆಗಿನವರದು."

ಮೇಡಂ ತಲೆಯೆತ್ತಿ ಉಪ್ಪರಿಗೆ ನೋಡಿದರು. "ಅದಕ್ಕೆ ಬಾಗಿಲೇ ಇಲ್ಲ."

"ಏಣಿ ಹಾಕಿ ಹತ್ತಿಸ್ತಿದ್ರು. ರಾಜರು ಮೇಲೆ ನಿಂತು ಪ್ರಜೆಗಳಿಗೆ ದರ್ಶನ ಕೊಡೋರು. ಆಗ ಏಣಿ ತೆಗೆದುಬಿಡ್ತಿದ್ರು. ಇಲ್ಲಾಂದ್ರೆ ಅರ್ಜಿ ಹಿಡ್ಕೊಂಡು ಜನ ಹತ್ತಿಬಿಡ್ತಾರಲ್ಲ."

ಮೇಡಂ ಮೊದಲ ಸಲ ತಲೆದೂಗಿದರು. ಸರ್ಕಾರಿ ನೌಕರಿಯಲ್ಲಿದ್ದ ಆಕೆಗೆ ಈ ವ್ಯವಸ್ಥೆ ತೀರಾ ಸಹಜವಾಗಿ ಕಂಡಿತು. ಬರೆದುಕೊಂಡರು.

ಅಷ್ಟರಲ್ಲಿ ರೇಡಿಯೋ ನಡುವೆ ತೂರಿಕೊಂಡ. "ಮೇಡಂ, ರಾಜರಿಗೆ ಗಡ್ಡ ಹೆರೆದಿದ್ದು ನಮ್ಮ ಮುತ್ತಾತ. ಮೂರು ದಿನ ಹೆರೆದ್ರು."

"ರಾಜರು ಇದ್ದದ್ದು ಒಂದು ರಾತ್ರಿ ಅಂದ್ರಲ್ಲ?"

ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ಗಡ್ಡ ದೊಡ್ಡದಿತ್ತು ಮೇಡಂ."

"ಮೂರು ದಿನ ಯಾಕೆ, ಒಂದು ತಿಂಗಳು" ಎಂದರು ಮೇಷ್ಟ್ರು ಹಿಂದಿನಿಂದ. ಕ್ಷೌರದವನ ಮುತ್ತಾತ ಚರಿತ್ರೆಗೆ ಸೇರುತ್ತಿರುವಾಗ ತಾನು ಪತ್ರಿಕೆ ಹಿಡಿದು ಕೂರುವುದು ಅವರಿಗೆ ಸರಿಬರಲಿಲ್ಲ. "ರಾಜ್ಯಭಾರವೆಲ್ಲ ಇಲ್ಲಿಂದಲೇ. ನಮ್ಮ ತಾತನೇ ಅವರ ಸಲಹೆಗಾರರು. ನೂರೈವತ್ತು ವರ್ಷದ ಹಿಂದಿನ ಮಾತು."

ಹೀಗೆ ಮೇಡಂ ಮಹಡಿ ಹತ್ತುವಷ್ಟರಲ್ಲಿ ರಾಜರ ವಾಸ್ತವ್ಯ ಬೆಳೆಯುತ್ತ ಹೋಯಿತು. ಬೀದಿಯ ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಟೈಲರ್ ತನ್ನ ಮನೆಯವರು ರಾಜರ ನಿಲುವಂಗಿ ಹೊಲಿದದ್ದಾಗಿ ಹೇಳಿದ. ಹಾಲಿನವಳು ಕುಂಟು ಕುದುರೆಗೆ ಹುಲ್ಲು ಹಾಕಿದ್ದು ತಮ್ಮವರೇ ಎಂದಳು. ಊರಲ್ಲಿ ರಾಜರ ಕೆಲಸ ಮಾಡದ ಮನೆತನ ಒಂದೂ ಉಳಿಯಲಿಲ್ಲ. ಮೇಡಂ ಕೊನೆಗೆ ಮ್ಯಾನೇಜರನ ಹೆಂಡತಿಯ ಕಡೆ ತಿರುಗಿ, "ನೀವೇನೂ ಹೇಳ್ತಿಲ್ಲವಲ್ಲ. ನಿಮ್ಮ ಮನೇಲಿ ಹೆಂಗಸರ ಕಡೆಯಿಂದ ಕೇಳಿದ್ದು ಏನಾದ್ರೂ ಇದೆಯಾ?" ಎಂದು ಕೇಳಿದರು.

ಆಕೆ ಗಂಡನ ಮುಖ ನೋಡಿದಳು. ಆ ಮುಖ ಒದ್ದೆ ಬೆಕ್ಕಿನ ಹಾಗಿತ್ತು. ಕನಿಕರ ಬಂತು. "ರಾಣಿಯವರೂ ಬಂದಿದ್ರಂತೆ" ಎಂದುಬಿಟ್ಟಳು.

"ರಾಣೀನೂ ಅದೇ ಕೋಣೇಲಿ ಇದ್ರಾ?"

"ಇಲ್ಲ ಮೇಡಂ, ಬೇರೆ ರೂಮು" ಎಂದ ಮ್ಯಾನೇಜರ್ ಅವಸರದಲ್ಲಿ.

"ಯಾಕೆ?"

"ಏಳನೇ ರೂಮಿನ ಚಿಲಕ ಬೀಳ್ತಿರಲಿಲ್ಲವಲ್ಲ."

ಮೇಡಂ ಅದನ್ನೂ ಬರೆದುಕೊಂಡರು. ಬರೆದು ಮುಗಿಸಿ, "ತುಂಬಾ ಅಪರೂಪ. ಇಷ್ಟು ಜನಕ್ಕೆ ಇಷ್ಟು ನೆನಪಿರೋ ಕಟ್ಟಡ ನಾನು ನೋಡೇ ಇಲ್ಲ" ಎಂದರು. ಮ್ಯಾನೇಜರಿಗೆ ಆಕೆಯ ಕಾಲಿಗೆ ಬೀಳೋಣ ಅನ್ನಿಸಿತು. "ಪುರಸಭೆ ಎಂಜಿನಿಯರ್ ಒಂದು ಸಹಿ ಹಾಕ್ಬೇಕು. ಬರೋಕೆ ಹೇಳಿದ್ದೀನಿ. ಆಮೇಲೆ ಫಲಕ ಹಾಕಿಸೋಣ."

ಎಂಜಿನಿಯರ್ ಊಟ ಮುಗಿಸಿ, ಹಲ್ಲಿಗೆ ಕಡ್ಡಿ ಚುಚ್ಚಿಕೊಳ್ಳುತ್ತ ಬಂದ. ದಪ್ಪ ಮನುಷ್ಯ. ಬಂದವನೇ ಮೊದಲ ಕಂಬಕ್ಕೆ ಬೂಟಿನಿಂದ ಒದ್ದ. ಗಾರೆ ಪುಡಿ ಉದುರಿ ಬೆಕ್ಕಿನಂಥ ಸಿಂಹವೊಂದರ ಮೂಗು ಕೆಳಗೆ ಬಿತ್ತು.

"ಎಷ್ಟು ವರ್ಷದ್ದು ರೀ ಇದು?"

"ನೂರೈವತ್ತು ಸಾರ್" ಎಂದ ರೇಡಿಯೋ ಎದೆಯುಬ್ಬಿಸಿ.

"ಇನ್ನೂರಕ್ಕೆ ಒಂದು ದಿನ ಕಮ್ಮಿಯಿಲ್ಲ" ಎಂದರು ಮೇಷ್ಟ್ರು.

ಎಂಜಿನಿಯರ್ ಕಡ್ಡಿ ಬಿಸಾಕಿದ. "ಹಾಗಾದ್ರೆ ಇದರೊಳಗೆ ಜನ ಹೇಗ್ರೀ ಇದ್ದೀರ? ನೂರು ದಾಟಿದ ಕಟ್ಟಡದಲ್ಲಿ ವಾಸ ಮಾಡೋ ಹಾಗಿಲ್ಲ. ನಾಳೆ ತಲೆ ಮೇಲೆ ಬಿದ್ರೆ ನನ್ನ ತಲೆ ಹೋಗುತ್ತೆ. ಖಾಲಿ ಮಾಡಿ."

ಮ್ಯಾನೇಜರ್ ಓಡಿ ಬಂದು ಅಡ್ಡ ನಿಂತ. "ಸಾರ್, ಸಾರ್, ಅಷ್ಟೇನೂ ಹಳೇದಲ್ಲ. ಮುಂದೆ ಮಾತ್ರ ಹಳೇದು. ಹಿಂದೆ ನಾವಿರೋ ಕಡೆ ಎಲ್ಲ ಹೊಸದು. ಕಬ್ಬಿಣ ಇದ್ದ ಹಾಗಿದೆ. ಬೇಕಾದ್ರೆ ಒದ್ದು ನೋಡಿ."

ಮೇಡಂ ಪೆನ್ನು ನಿಂತಿತು. "ಹೊಸದಾ?"

ಎಂಜಿನಿಯರನ ಕಣ್ಣು ಅರಳಿತು. "ಹೊಸದಾ? ಯಾರನ್ನ ಕೇಳಿ ಕಟ್ಟಿದ್ರಿ? ನಮ್ಮ ಆಫೀಸಿಂದ ಪರವಾನಗಿ ತಗೊಂಡಿದ್ದೀರಾ?"

ಹಳೆಯದು ಅಂದರೆ ಅಪಾಯ, ಹೊಸದು ಅಂದರೆ ಅಕ್ರಮ. ನಡುವಯಸ್ಸಿನದು ಅನ್ನೋಣ ಎಂದರೆ ಅದಕ್ಕೆ ಯಾವ ಇಲಾಖೆಯೂ ಇರಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿಕೊಂಡವನು ಯಾವ ಕಡೆ ಹೊರಳಿದರೂ ಕಚಕ್ ಅನ್ನುವುದು ಖಾತ್ರಿ.

"ಕಟ್ಟಡ ಉಳಿಸ್ಬೇಕು" ಎಂದರು ಮೇಡಂ.

"ಬೀಳಿಸ್ಬೇಕು" ಎಂದ ಎಂಜಿನಿಯರ್.

"ರಾಜರು ಮಲಗಿದ್ದ ಜಾಗ ರೀ."

"ಎದ್ದು ಹೋದ್ರಲ್ಲ ಮೇಡಂ. ಇವರು ಹೋಗ್ತಿಲ್ಲ, ಅದೇ ತೊಂದರೆ."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಮ್ಯಾನೇಜರ್ ಒಮ್ಮೆ ಈ ಕಡೆ ಕೈ ಮುಗಿದ, ಒಮ್ಮೆ ಆ ಕಡೆ. ಬೀದಿಯ ಜನ ಮೆಟ್ಟಿಲ ಮೇಲೆ ಕೂತು ನಾಟಕ ನೋಡುವವರ ಹಾಗೆ ನೋಡಿದರು. ಮೇಷ್ಟ್ರು ತಮ್ಮ ಎರಡನೇ ಚಹಾ ಕೇಳಿದರು. ಅದನ್ನು ಕೇಳಿ ಹೆಂಡತಿ ಎಲ್ಲರಿಗೂ ಚಹಾ ತಂದಳು. ಬಿಸಿ ಬಿಸಿ ಒಂದು ಗುಟುಕು ಒಳಗೆ ಹೋದದ್ದೇ ತಡ, ಅಧಿಕಾರಿಗಳಿಬ್ಬರೂ ಮೆತ್ತಗಾದರು. ಅವಳ ಕೈಯ ಚಹಾಕ್ಕೆ ಆ ಗುಣವಿತ್ತು. ಆ ದಿನ ಇಲ್ಲದಿದ್ದರೆ ಚೆನ್ನಾಗಿತ್ತು.

"ಒಂದು ಕೆಲಸ ಮಾಡೋಣ ಮೇಡಂ" ಎಂದ ಎಂಜಿನಿಯರ್ ಬಟ್ಟಲು ಕೆಳಗಿಟ್ಟು. "ಮುಂದಿನದು ನಿಮಗೆ, ಹಿಂದಿನದು ನನಗೆ. ಮುಂದೆ ಹಳೇದು ಅಂತ ಇವರೇ ಹೇಳಿದ್ದಾರೆ, ಇಟ್ಕೊಳ್ಳಿ. ಹಿಂದೆ ಹೊಸದು ಅಂತಾನೂ ಇವರೇ ಹೇಳಿದ್ದಾರೆ, ಪರವಾನಗಿ ತೋರಿಸ್ತಿಲ್ಲ, ಕೆಡವ್ತೀನಿ."

"ಪರವಾಗಿಲ್ಲ. ಚರಿತ್ರೆ ಹೇಗಿದ್ರೂ ಮುಂದುಗಡೆಯೇ ಇರೋದು" ಎಂದರು ಮೇಡಂ.

ಎರಡು ಇಲಾಖೆಗಳು ಒಂದು ಮಾತಿಗೆ ಒಪ್ಪಿದ್ದು ಆ ಊರಿನಲ್ಲಿ ಅದೇ ಮೊದಲು. ಕಲ್ಲಿನಲ್ಲಿ ಕೆತ್ತಿಸುವಂಥ ನಿಜವಾದ ಚರಿತ್ರೆ ಅಂದರೆ ಆ ದಿನ ಅದೊಂದೇ. ಎಂಜಿನಿಯರನ ಆಳು ಕೆಂಪು ಬಣ್ಣದ ಡಬ್ಬಿ ತಂದು ಗೋಡೆಯ ಮೇಲೆ ಗೆರೆ ಎಳೆದ. ಗೆರೆ ಕೌಂಟರಿನ ಪಕ್ಕದಿಂದ ಹೊರಟು, ಚಾವಣಿ ಹತ್ತಿ, ಆ ಕಡೆಯ ಗೋಡೆ ಇಳಿದು ನಿಂತಿತು. ಈಚೆಗೆ ಕಂಬ, ಕಮಾನು, ರೇಡಿಯೋನ ಅಂಗಡಿ, ಮೇಲೆ ಏಳನೇ ಕೋಣೆ. ಆಚೆಗೆ ಅಡಿಗೆಮನೆ, ಬಚ್ಚಲು, ಮ್ಯಾನೇಜರನ ಸಂಸಾರ.

ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಮ್ಯಾನೇಜರ್ ಒಂದು ಆಸೆ ಹಿಡಿದ. "ಮೇಡಂ, ಏಳನೇ ರೂಮು ಉಳಿಯುತ್ತಲ್ಲ. ನಾವಿಬ್ಬರು ಅಲ್ಲೇ ಇದ್ಬಿಡ್ತೀವಿ. ಚಿಲಕ ಇಲ್ದಿದ್ರೂ ನಡೆಯುತ್ತೆ."

"ಛೆ ಛೆ, ರಾಜರು ಮಲಗಿದ್ದ ಕೋಣೆ. ಅಲ್ಲಿ ಯಾರೂ ಮಲಗೋ ಹಾಗಿಲ್ಲ. ಒಲೆ ಹಚ್ಚೋ ಹಾಗಿಲ್ಲ, ಮೊಳೆ ಹೊಡೆಯೋ ಹಾಗಿಲ್ಲ." ಮೇಡಂ ದನಿ ಮೃದುವಾಯಿತು. "ನಿಮ್ಮನ್ನ ಬಿಡಲ್ಲ. ಬಂದವರಿಗೆ ಈ ಚರಿತ್ರೆ ಹೇಳೋಕೆ ನಿಮಗಿಂತ ಯೋಗ್ಯರು ಯಾರಿದ್ದಾರೆ? ನಿಮ್ಮನ್ನೇ ನೇಮಕ ಮಾಡ್ತೀವಿ. ಗೌರವ ಹುದ್ದೆ. ಸಂಬಳ ಇರಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ರೇಡಿಯೋ ಆಗಲೇ ತನ್ನ ಅಂಗಡಿಯ ಗಾಜಿನ ಮೇಲೆ ಸೋಪಿನಲ್ಲಿ 'ರಾಜರ ಕ್ಷೌರಶಾಲೆ' ಎಂದು ಬರೆದಾಗಿತ್ತು. ಮೇಷ್ಟ್ರನ್ನು ಮೇಡಂ ಸಮಿತಿಗೆ ಸದಸ್ಯರನ್ನಾಗಿ ತೆಗೆದುಕೊಂಡರು.

ಆ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದಾಯಿತು. ಧಣಿ. ಅವನಿಗೂ ಸಮಿತಿಯವರು ಬೆಳಿಗ್ಗೆಯೇ ಸುದ್ದಿ ಮುಟ್ಟಿಸಿದ್ದರು. ಗೆರೆಯ ವಿಷಯವನ್ನು ರೇಡಿಯೋ ಕಾರಿನ ಬಾಗಿಲಲ್ಲೇ ಹೇಳಿ ಮುಗಿಸಿದ. ತನಗೆ ಸೂರು ಹೋದರೂ ಧಣಿಗೆ ಅರ್ಧ ಜಾಗವಾದರೂ ಕೈ ತಪ್ಪಿತಲ್ಲ, ಕಾಂಪ್ಲೆಕ್ಸಿನ ಮುಖಕ್ಕೆ ಮಸಿ ಬಿತ್ತಲ್ಲ ಎಂದು ಮ್ಯಾನೇಜರ್ ಒಳಗೊಳಗೇ ಅಂದುಕೊಂಡ. ಬೈಗುಳ ತಿನ್ನಲು ತಲೆ ತಗ್ಗಿಸಿ ನಿಂತ. ಧಣಿ ನೇರವಾಗಿ ಬಂದು ಅವನನ್ನು ಅಪ್ಪಿಕೊಂಡ. ಇಷ್ಟು ವರ್ಷದಲ್ಲಿ ಕೈ ಕುಲುಕಿದವನೂ ಅಲ್ಲ.

"ಏನಪ್ಪಾ ನಿನ್ನ ಬಾಯಿ. ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು."

"ಧಣಿ, ನಾನು ನಿಮ್ಮ ಹೋಟೆಲು ಉಳಿಸೋಣ ಅಂತ..."

"ಉಳಿಸಿದ್ಯಲ್ಲ. ಮುಂದಿನ ಗೋಡೆ ಇನ್ಮೇಲೆ ಸರ್ಕಾರವೇ ಸುಣ್ಣ ಹೊಡೆದು ನೋಡ್ಕೊಳ್ಳುತ್ತೆ. ಹಿಂದೆ ಕಾಂಪ್ಲೆಕ್ಸು ಏಳುತ್ತೆ. ಅರಮನೆ ಬಾಗಿಲಿರೋ ಕಾಂಪ್ಲೆಕ್ಸು ಯಾವ ಊರಲ್ಲಿದೆ ಹೇಳು."

"ಅದನ್ನ ನೀವು ಯಾವತ್ತೋ ಮಾಡ್ಬಹುದಿತ್ತಲ್ಲ. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತಿದ್ರಿ."

ಧಣಿ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. ಈಗ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಎಲ್ಲಿ ಮಾಡೋದಪ್ಪಾ? ನೀನು ಸಂಸಾರ ಹೂಡಿಬಿಟ್ಟಿದ್ಯಲ್ಲ. ಇಷ್ಟು ವರ್ಷ ಒಂದೇ ಕಡೆ ಇದ್ದವನನ್ನ ಕಾನೂನು ಪ್ರಕಾರ ಎಬ್ಬಿಸೋಕೆ ಆಗಲ್ಲ ಅಂತ ಕೇಳಿದ ವಕೀಲರೆಲ್ಲ ಕೈ ಎತ್ತಿಬಿಟ್ರು. ಅವನು ಸುಮ್ನೆ ಕೂತಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏಳಲ್ಲ ಅಂದ್ರು. ಹೆದರಿ ನೀನೇ ಹೋಗ್ತೀಯ ಅಂತ ತಿಂಗಳು ತಿಂಗಳು ಬಂದು ಹೇಳ್ತಿದ್ದೆ. ನೀನು ಹೋಗಲೇ ಇಲ್ಲ. ಇವತ್ತು ನೋಡು, ಸರ್ಕಾರಾನ ನೀನೇ ಕರೆಸಿ, ನೀನೇ ಕತೆ ಹೇಳಿ, ನೀನೇ ಗೆರೆ ಹಾಕಿಸ್ಕೊಂಡೆ."

ಅಷ್ಟು ಹೇಳಿ, ಮೇಡಂಗೆ ಕೈ ಮುಗಿದು, ಎಂಜಿನಿಯರನನ್ನು ಕಾರಿನಲ್ಲಿ ಕೂರಿಸಿಕೊಂಡು ಧಣಿ ಹೊರಟುಹೋದ. ಬೀದಿಯ ಜನವೂ ಚದುರಿದರು. ಎಲ್ಲರಿಗೂ ಮನೆಗೆ ಹೋಗಿ ತಮ್ಮ ತಮ್ಮ ಮುತ್ತಾತಂದಿರ ಬಗ್ಗೆ ಇನ್ನಷ್ಟು ನೆನಪು ಮಾಡಿಕೊಳ್ಳುವುದಿತ್ತು.

ಮ್ಯಾನೇಜರ್ ಕೌಂಟರಿಗೆ ಕೈಯೂರಿ ನಿಂತೇ ಇದ್ದ. ಗೆರೆಯ ಆಚೆಯಿಂದ ಪಾತ್ರೆ ಜೋಡಿಸುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಂಡತಿ ಹಾಸಿಗೆ ಸುರುಳಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಒಲೆಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

"ರೀ" ಎಂದಳು ನಿಧಾನವಾಗಿ, "ಆ ರಾಜರು ಇಲ್ಲಿಂದ ಎದ್ದು ಎಲ್ಲಿಗೆ ಹೋದ್ರು ಅಂತ ಏನಾದ್ರೂ ಕತೆ ಕಟ್ಟಿದ್ದೀರಾ? ಕಟ್ಟಿದ್ರೆ ಹೇಳಿ. ನಾವೂ ಅಲ್ಲಿಗೇ ಹೋಗೋಣ."